ಶುದ್ಧ ಉರ್ದು

ಬೆಳಗಿನಿಂದ ಅಸ್ಲಮನ ಕೈಯಲ್ಲಿ ಒಂದೇ ಚೀಲವಿತ್ತು. ಹಮಾಲರ ಕೊಕ್ಕೆ ಸಿಕ್ಕಿ ಹರಿದ ಅಂಗೈಯಗಲದ ತೂತು. ದಬ್ಬಣಕ್ಕೆ ಸುತಳಿ ಪೋಣಿಸಿ ಅಡ್ಡ ನಾಲ್ಕು ಎಳೆ, ಉದ್ದ ನಾಲ್ಕು ಎಳೆ ಹಾಕಿದರೆ ಮುಗಿಯುವ ಕೆಲಸ. ಹಾಕುತ್ತಿದ್ದ, ಬಿಚ್ಚುತ್ತಿದ್ದ. ಗಂಗಾವತಿಯ ರೈಸ್ ಮಿಲ್ಲುಗಳು ಬಿಸಾಕಿದ ಹಳೇ ಗೋಣಿಚೀಲಗಳು ಬೆನ್ನ ಹಿಂದೆ ರಾಶಿ ಬಿದ್ದಿದ್ದವು. ಇವತ್ತು ಅಳತೆಯವರು ಬರುವ ದಿನ. ಕಾಲುವೆ ದಂಡೆಯ ಮೇಲಿನ ಎಪ್ಪತ್ತು ಮನೆಗಳು ಸರ್ಕಾರದ ಜಾಗದಲ್ಲಿವೆ, ತೆರವು ಮಾಡಬೇಕು ಎಂಬ ಮಾತು ಎದ್ದಾಗಿನಿಂದ ಓಣಿಯವರು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದರು. ಅಳತೆಯಾದ ಮನೆಗೆ ಹಕ್ಕುಪತ್ರ, ಆಗದ ಮನೆಗೆ ಜೆಸಿಬಿ. ಇಷ್ಟನ್ನು ಓಣಿಯ ಕೂಸೂ ಬಲ್ಲದು. ಹಾಗಾಗಿ ಪಕ್ಕದ ಮನೆಯ ದುರುಗವ್ವ ನಸುಕಿನಲ್ಲೇ ಎದ್ದು ಅಂಗಳಕ್ಕೆ ಸೆಗಣಿ ಸಾರಿಸಿದ್ದಳು. ಅವಳ ಗಂಡ ಮುದಿಯಪ್ಪ ಮಿಲ್ಲಿನ ಹಮಾಲಿಗೆ ರಜೆ ಹಾಕಿ, ಒಗೆದ ಅಂಗಿ ತೊಟ್ಟು, ಹೆಣ್ಣು ನೋಡಲು ಬರುವವರಿಗೆ ಕಾದಂತೆ ಕಟ್ಟೆಯ ಮೇಲೆ ಕುಳಿತಿದ್ದ. ಬರುವವರು ಯಾವ ಯಾವ ಮನೆ ಅಳೆಯುತ್ತಾರೆಂಬುದು ಮಾತ್ರ ಇಡೀ ಓಣಿಯಲ್ಲಿ ಅಸ್ಲಮನೊಬ್ಬನಿಗೇ ಗೊತ್ತಿತ್ತು.

‘ಏ ಅಸ್ಲಮಾ, ಇನ್ನೊಮ್ಮಿ ಹೇಳಪಾ, ಸಾಹೇಬ್ರು ಏನಂದ್ರು?’ ದುರುಗವ್ವ ಚಹಾದ ಲೋಟವನ್ನು ಅವನ ಮುಂದಿಟ್ಟು ಚೀಲದ ರಾಶಿಗೆ ಬೆನ್ನು ಆನಿಸಿ ಕುಳಿತಳು. ಓಣಿಯ ಕಮಿಟಿಗೆ ಅವಳೇ ಮುಂದಾಳು.

‘ಹೇಳೀನಲ್ಲಕ್ಕಾ. ಒಪ್ಯಾರ. ಅಳತಿಯವ್ರನ್ನ ಕಳಸ್ತೀನಿ ಅಂದ್ರು.’

‘ಕುರ್ಚಿ ಕೊಟ್ರಂತಲ್ಲ?’

‘ಹೂಂ, ಕೊಟ್ರು.’

‘ನಮ್ಮ ಓಣಿ ಮನಷ್ಯಾನ್ನ ಕುರ್ಚಿ ಮ್ಯಾಲ ಕುಂದ್ರಿಸ್ಯಾರಂದ್ರ ಅರ್ಧ ಕೆಲಸ ಆದಂಗ ತಗೋ’ ಎಂದು ಅವಳು ಎಲೆಯಡಿಕೆಯ ಹಲ್ಲು ತೋರಿಸಿ ನಕ್ಕಳು. ಕೇಳಿದ್ದನ್ನೇ ಕೇಳುವುದು ಅವಳಿಗೆ ಈ ನಾಲ್ಕು ದಿನದ ಖುಷಿಯಾಗಿತ್ತು. ಅಸ್ಲಮ ಚಹಾ ಗುಟುಕರಿಸಿದ. ಸಕ್ಕರೆ ಜಾಸ್ತಿಯಾಗಿತ್ತು, ಹೆಚ್ಚಿಗೆ ಹಾಕಿದ್ದೇ ತನಗಾಗಿ ಎಂಬುದು ತಿಳಿದು ಲೋಟ ಕೆಳಗಿಟ್ಟ.

ಆ ಕುರ್ಚಿಯೇ ಎಲ್ಲಕ್ಕೂ ಮೂಲ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಐವತ್ತು ವರ್ಷದ ಬಾಳಿನಲ್ಲಿ ಕಚೇರಿ ಎಂದರೆ ಅವನಿಗೆ ನಿಲ್ಲುವ ಜಾಗ. ಕಂಬಕ್ಕೆ ಒರಗಿ ನಿಂತರೆ ಜವಾನ ‘ಏ ಸಾಬಾ, ಸುಣ್ಣ ಹತ್ತತೈತಿ, ಸರದ ನಿಲ್ಲು’ ಎನ್ನುತ್ತಿದ್ದ; ಸುಣ್ಣ ಅಂಗಿಗೆ ಹತ್ತುವುದೋ, ಅಂಗಿಯ ಕೊಳೆ ಸುಣ್ಣಕ್ಕೆ ಹತ್ತುವುದೋ ಹೇಳುತ್ತಿರಲಿಲ್ಲ. ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಉರ್ದು ಮಾತಾಡುತ್ತಾರೆಂದು ಸುದ್ದಿ ಬಂದಾಗ ದುರುಗವ್ವನೇ ಅಂದಿದ್ದಳು: ‘ನಾವೆಲ್ಲಾ ಗುಂಪು ಕಟ್ಟಿಕೊಂಡು ಹೋದ್ರ ಅವ್ರಿಗೂ ತಲಿಬ್ಯಾನಿ. ನಿಮ್ಮ ಮಾತಿನವ್ರಂತ, ನೀ ಒಬ್ಬಾವ ಹೋಗಿ ಸಮಾಧಾನದಿಂದ ಹೇಳಿ ಬಾರಪಾ.’ ಹೋದ. ಸಾಹೇಬರು ತಲೆಯೆತ್ತಿ ನೋಡಿ, ‘ತಶ್ರೀಫ್ ರಖಿಯೇ’ ಎಂದರು. ಕುಳಿತುಕೊಳ್ಳಿ ಎಂಬುದಕ್ಕೆ ಇಷ್ಟು ಚೆಂದದ ಮಾತನ್ನು ಅಸ್ಲಮ ಮಸೀದಿಗೆ ಬಂದ ಪರವೂರಿನ ಮೌಲಾನಾರ ಬಾಯಲ್ಲಷ್ಟೇ ಕೇಳಿದ್ದ. ಕುರ್ಚಿಯ ತುದಿಯಲ್ಲಿ ಕುಳಿತ. ಮೆತ್ತಗಿತ್ತು. ಫ್ಯಾನು ಅವನ ಮೇಲೂ ತಿರುಗುತ್ತಿತ್ತು. ಚಹಾ ಬಂತು, ತಟ್ಟೆಯಲ್ಲಿ ಬಿಸ್ಕೀಟು ಬಂತು. ಸಾಹೇಬರ ಉರ್ದು ರೇಡಿಯೋದ ಉರ್ದು, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ಇವನದೋ ಕಾಲುವೆ ದಂಡೆಯ ದಖನಿ. ಅರ್ಧ ಕನ್ನಡ, ಕಾಲು ತೆಲುಗು ಬೆರೆತು ಯಾವ ಮದರಸಾಕ್ಕೂ ಹೋಗದೆ ಸಂತೆಯಲ್ಲಿ ಬೆಳೆದ ಮಾತು. ಬೇಡ ಎನ್ನಲು ‘ನಕ್ಕೋ’, ಯಾಕೆ ಎನ್ನಲು ‘ಕೈಕೂ’ ಎಲ್ಲಿ ಜಾರಿಬಿಡುತ್ತದೋ ಎಂದು ಅವನು ನಾಲಿಗೆಗೆ ಇಸ್ತ್ರಿ ಹಾಕಿಕೊಂಡು ಕುಳಿತ.

ಓಣಿಯ ದಖನಿಯಲ್ಲಿ ‘ನಾವು’ ಎನ್ನಲು ಎರಡು ಮಾತಿವೆ. ಕೇಳುತ್ತಿರುವವರನ್ನೂ ಆಚೀಚೆಯವರನ್ನೂ ಸೇರಿಸಿ ಎಲ್ಲರೂ ಎನ್ನುವುದಾದರೆ ‘ಅಪನ್’. ಉಳಿದವರನ್ನು ಬಿಟ್ಟು ನಾವಷ್ಟೇ ಎನ್ನುವುದಾದರೆ ‘ಹಮೇ’. ಹುಟ್ಟಿದ ಮಗುವಿಗೂ ಇದನ್ನು ಯಾರೂ ಕಲಿಸುವುದಿಲ್ಲ. ದುರುಗವ್ವನ ಜೊತೆ ಮನೆಯ ವಿಷಯ ಬಂದಾಗಲೆಲ್ಲ ಅಸ್ಲಮನ ಹೆಂಡತಿ ಹಸೀಬಾ ‘ಅಪನ್ ಕೇ ಘರಾಂ’, ನಮ್ಮೆಲ್ಲರ ಮನೆಗಳು, ಎನ್ನುತ್ತಿದ್ದಳು. ದುರುಗವ್ವನೂ ಅದನ್ನೇ ಕಲಿತು ತಪ್ಪು ತಪ್ಪಾಗಿ ‘ಅಪನಂದು ಮನಿ’ ಎಂದು ಕನ್ನಡಕ್ಕೆ ಹೊಲಿದು ಆಡುತ್ತಿದ್ದಳು. ಸಾಹೇಬರ ಉರ್ದುವಿನಲ್ಲಿ ಮಾತ್ರ ಇರುವುದು ಒಂದೇ ‘ಹಮ್’. ‘ಆಪ್ ಲೋಗೋಂ ಕೇ ಕಿತ್ನೇ ಘರ್ ಹೈಂ?’ ಎಂದು ಅವರು ಕೇಳಿದರು. ನಿಮ್ಮವು ಎಷ್ಟು ಮನೆ. ಅಸ್ಲಮನ ನಾಲಿಗೆಯ ತುದಿಗೆ ‘ಅಪನ್ ಕೇ’ ಬಂತು. ಬಂದದ್ದು ಚೀಲದ ಧೂಳಿನಂತೆ ಕಂಡು ನಾಚಿಕೆಯಾಗಿ ನುಂಗಿಕೊಂಡ. ‘ಹಮಾರೇ’ ಎಂದ; ಅವನ ಕಿವಿಗೆ ಅದು ಓಣಿಯ ‘ಹಮೇ’ಯ ಹಾಗೆಯೇ ಕೇಳಿತು. ಹಮಾರೇ ಎಂದ ಮೇಲೆ ಬಾಯಿ ಎಪ್ಪತ್ತು ಎನ್ನಲಿಲ್ಲ, ತಾನಾಗಿಯೇ ‘ತೀಸ್ ಘರ್ ಹೈಂ, ಜನಾಬ್’ ಎಂದಿತು. ಮೂವತ್ತು. ಓಣಿಯ ಮುಸಲ್ಮಾನರ ಮನೆಗಳು ಮೂವತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನ ತಾಯಿ ತಾಜಬೀ ಮಾತು ಮಾತಿಗೆ ಅನ್ನುತ್ತಿದ್ದಳು. ಅವಳು ಮುತ್ತು ಕಂಡಿದ್ದಳೋ ಇಲ್ಲವೋ.

ಅಲ್ಲಿಗೆ ನಿಂತಿದ್ದರೆ ನಾಲಿಗೆಯ ತಪ್ಪು ಎನ್ನಬಹುದಿತ್ತು. ಸಾಹೇಬರು ಮುಖ ಅರಳಿಸಿ, ಮೂವತ್ತೇ ಆದರೆ ಸುಲಭ, ನಿಮ್ಮವರಿಗೆಂದೇ ಒಂದು ಯೋಜನೆಯಿದೆ, ಅದರಲ್ಲಿ ಈ ವಾರವೇ ಅಳತೆ ಮಾಡಿಸಿಬಿಡುತ್ತೇನೆ, ಬೇರೆಯವರೂ ಕೂಡಿದ್ದರೆ ಎರಡು ಮೂರು ಇಲಾಖೆ ತಿರುಗಬೇಕು, ಅಷ್ಟರಲ್ಲಿ ನನಗೆ ಯಾವ ಊರಿಗೆ ವರ್ಗವೋ ಎಂದರು. ಆಗ ಹೇಳಬಹುದಿತ್ತು. ಬಾಯಲ್ಲಿ ಬಿಸ್ಕೀಟಿತ್ತು. ಅದನ್ನು ನುಂಗುವಷ್ಟು ಹೊತ್ತು ಸಾಹೇಬರು ಕಾಯುತ್ತಲೂ ಇದ್ದರು. ಅಸ್ಲಮ ನುಂಗಿ, ‘ಶುಕ್ರಿಯಾ’ ಎಂದ. ಆಮೇಲೆ ಈ ನಾಲ್ಕು ದಿನದಲ್ಲಿ ಅವನು ಆ ಬಿಸ್ಕೀಟನ್ನು ಎಷ್ಟೋ ಸಲ ನುಂಗಿದ್ದಾನೆ. ಒಂದೊಂದು ಸಲ ಅದು ಮರೆವಾಗಿ ಕಾಣುತ್ತದೆ, ಒಂದೊಂದು ಸಲ ಲೆಕ್ಕಾಚಾರವಾಗಿ. ಮೂವತ್ತಾದರೂ ಉಳಿಯಲಿ ಎಂದುಕೊಂಡೆನೇ? ಅಥವಾ ಏನೂ ಅಂದುಕೊಳ್ಳದೆ ಮೆತ್ತಗಿನ ಕುರ್ಚಿಯಲ್ಲಿ ಇನ್ನೊಂದು ಗಳಿಗೆ ಕುಳಿತಿರಬೇಕು ಎಂದಷ್ಟೇ ಅನ್ನಿಸಿತ್ತೇ? ಎರಡನೆಯದೇ ಹೆಚ್ಚು ಹೇಸಿಗೆಯದು ಎಂದು ತೋರುತ್ತಿತ್ತು.

‘ಸುತ್ಲಿ ಸುಮ್ನ ಹಾಳು ಮಾಡಾಕತ್ತಿ’ ಎಂದು ದುರುಗವ್ವ ಅವನ ಕೈಯಿಂದ ಚೀಲ ಕಸಿದು ತಾನೇ ಹೊಲಿಯತೊಡಗಿದಳು. ಅವಳ ದಬ್ಬಣ ಓಡುವ ವೇಗ ಅವನಿಗೆ ಎಂದೂ ಬಂದಿರಲಿಲ್ಲ. ಚೀಲದ ಸಾವ್ಕಾರರು ಮೊದಲು ಮುಸಲ್ಮಾನ ಹೆಂಗಸರಿಗೆ ಒಂದು ದರ, ದುರುಗವ್ವನ ಜಾತಿಯವರಿಗೆ ಅದಕ್ಕಿಂತ ಕಡಿಮೆ ದರ ಕೊಡುತ್ತಿದ್ದರು. ಕೇಳಿದರೆ, ಅವರ ಹೊಲಿಗೆ ಬಿಗಿ ಇಲ್ಲ ಎನ್ನುತ್ತಿದ್ದರು. ಒಂದು ದಿನ ಹಸೀಬಾ ತಾನು ಹೊಲಿದ ಚೀಲಗಳನ್ನು ದುರುಗವ್ವನ ರಾಶಿಯಲ್ಲೂ ದುರುಗವ್ವನ ಚೀಲಗಳನ್ನು ತನ್ನ ರಾಶಿಯಲ್ಲೂ ಇಟ್ಟಳು. ಸಾವ್ಕಾರ ಎಳೆದೆಳೆದು ನೋಡಿ, ಹಸೀಬಾಳ ಹೊಲಿಗೆಗೇ ಹೆಸರಿಟ್ಟು ದುರುಗವ್ವನ ಹೊಲಿಗೆಯನ್ನು ಹೊಗಳಿದ. ಹೆಂಗಸರು ನಕ್ಕ ನಗೆಗೆ ಅವನು ಆವತ್ತು ಓಡಿಹೋದ. ಮರುವಾರದಿಂದ ದರ ಒಂದೇ ಆಯಿತು. ಓಣಿಯ ಕಮಿಟಿ ಹುಟ್ಟಿದ್ದು ಆ ನಗೆಯಿಂದಲೇ ಎಂದು ಹಸೀಬಾ ಹೇಳುತ್ತಿದ್ದಳು. ಹೋದ ವರ್ಷ ಬೇರೊಂದು ಕಚೇರಿಯವರು ಬಂದು, ನಿಮ್ಮ ಜಾತಿಯವರ ಮನೆಗಳಷ್ಟಕ್ಕೆ ನಮ್ಮ ಇಲಾಖೆಯಲ್ಲಿ ಜಾಗ ಕೊಡಿಸುತ್ತೇವೆ ಎಂದಾಗ ದುರುಗವ್ವ ಇದೇ ಅಂಗಳದಲ್ಲಿ ನಿಂತು, ‘ಆದ್ರ ಎಲ್ಲಾರಿಗೂ ಆಗ್ಲಿ, ಇಲ್ಲಾಂದ್ರ ಯಾರಿಗೂ ಬ್ಯಾಡ್ರಿ’ ಎಂದು ಕೈ ಮುಗಿದು ಕಳಿಸಿದ್ದಳು. ಅಸ್ಲಮ ಆಗ ಚಪ್ಪಾಳೆ ತಟ್ಟಿದ್ದ. ಆ ಚಪ್ಪಾಳೆ ನೆನಪಾಗಿ ಅವನ ಕೈಗಳು ಈಗ ತೊಡೆಯ ಕೆಳಗೆ ಹೋದವು.

ಹೇಳಿಬಿಡಬೇಕು, ಈಗಲೇ, ಅವರು ಬರುವ ಮೊದಲು. ‘ಅಕ್ಕಾ’ ಎಂದ. ದುರುಗವ್ವ ತಲೆಯೆತ್ತಿದಳು. ಒಳಗಿನಿಂದ ಹಸೀಬಾ, ‘ತುಮ್ನಾ ಕ್ಯಾ ಹುವಾ ಜೀ, ಮುಖ ಯಾಕ ಹಿಂಗ ಬಾಡೈತಿ?’ ಎಂದು ಎರಡು ಭಾಷೆಯನ್ನು ಒಂದೇ ಉಸಿರಿಗೆ ಕೂಡಿಸಿ ಕೇಳುತ್ತ ಹೊರಗೆ ಬಂದಳು. ಅವಳಿಗೂ ಅವನು ಹೇಳಿರಲಿಲ್ಲ. ನಾಲ್ಕು ದಿನದಿಂದ ಅವಳು ಅಡುಗೆಮನೆಗೆ ಕಡಪಾ ಕಲ್ಲು ಹಾಕಿಸುವ ಮಾತಾಡುತ್ತಿದ್ದಳು. ಹಕ್ಕುಪತ್ರವಿಲ್ಲದ ಮನೆಗೆ ಕಲ್ಲು ಹಾಕಿಸುವ ಹುಚ್ಚರು ಯಾರು ಎಂದು ಇಷ್ಟು ವರ್ಷ ತಡೆದಿದ್ದ ಆಸೆ. ‘ಏನಿಲ್ಲ, ಚಾದಾಗ ಸಕ್ರಿ ಭಾಳ ಆಗೇತಿ’ ಎಂದ ಅಸ್ಲಮ. ದುರುಗವ್ವ, ‘ಸಕ್ರಿ ಭಾಳ ಆತು ಅಂತ ಮುಖ ಬಾಡಸಾವ್ನ ಈಗ ನೋಡಿದೆ’ ಎಂದು ಹಲ್ಲಿನಿಂದ ಸುತಳಿ ಕಡಿದಳು. ಅಷ್ಟರಲ್ಲಿ ಓಣಿಯ ತಲೆಯಲ್ಲಿ ಜೀಪು ನಿಂತ ಸದ್ದಾಯಿತು.

ಸರ್ವೇಯರು ಎಳೆಯ ವಯಸ್ಸಿನವನು, ಬಿಸಿಲಿಗೆ ಆಗಲೇ ಬೆವತಿದ್ದ. ಜೊತೆಗೆ ಟೇಪು ಹಿಡಿಯುವ ಒಬ್ಬ, ಕೆಂಪು ಬಣ್ಣದ ಡಬ್ಬಿ ಹಿಡಿದ ಇನ್ನೊಬ್ಬ. ಕಾಸೀಮಬೀಯ ಮನೆ ಅಳೆದರು, ಗೋಡೆಗೆ ಕೆಂಪು ಗುರುತು ಹಾಕಿದರು. ಮುದುಕಿ ಗುರುತನ್ನು ಮುಟ್ಟಿ ಬೆರಳಿಗೆ ಹತ್ತಿದ ಬಣ್ಣವನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅಮರಮ್ಮನ ಮನೆ. ಅದನ್ನು ದಾಟಿ ಹೋದರು. ಅಮರಮ್ಮ ಆಮೇಲೆ ಅಳೆಯುತ್ತಾರೇನೋ ಎಂದು ಬಾಗಿಲಲ್ಲೇ ನಿಂತಳು. ರಫೀಯ ಮನೆಗೆ ಗುರುತು ಬಿತ್ತು. ಅದರಾಚೆ ಎರಡು ಮನೆಗೆ ಬೀಳಲಿಲ್ಲ. ಅಸ್ಲಮ ದೂರದಿಂದಲೇ ಎಲ್ಲ ನೋಡುತ್ತಿದ್ದ, ಯಾರದೋ ಊರಿನ ಯಾರದೋ ಕೆಲಸವೆಂಬಂತೆ. ಕೆಂಪು ಗುರುತಿನ ಮನೆ, ಬರಿಯ ಗೋಡೆಯ ಮನೆ, ಮತ್ತೆ ಕೆಂಪು. ಇಷ್ಟು ದಿನ ಒಂದೇ ಸಾಲಾಗಿ ಕಂಡ ಮನೆಗಳು ಬೇರೆ ಬೇರೆ ನಿಂತಂತೆ ಕಂಡವು.

‘ನಮ್ಮನ್ನ ಬಿಟ್ಟ ಹೊಂಟೀರಲ್ರಿ ಸರ?’ ದುರುಗವ್ವ ಎದ್ದು ಹೋಗಿ ಕೇಳಿದಳು.

‘ಅಮ್ಮಾ, ನಮಗ ಹೇಳಿದ್ದು ಸಾಬರ ಮನಿ ಅಷ್ಟರಿ. ಮೂವತ್ತು. ನಿಮ್ಮ ಮುಖಂಡ್ರ ಬಂದು ಹೇಳಿ ಹೋಗ್ಯಾರಂತ.’

ದುರುಗವ್ವ ತಿರುಗಿ ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ದಿನಾ ನಡೆಯುವ ದಾರಿಯಲ್ಲಿ ಎಡವಿದವರು ಕಲ್ಲನ್ನು ನೋಡುವ ಹಾಗೆ ನೋಡಿದಳು. ಸಿಟ್ಟಿದ್ದಿದ್ದರೆ ಅಸ್ಲಮನಿಗೆ ಆಸರೆಯಾಗುತ್ತಿತ್ತು. ‘ಅಕ್ಕಾ, ಅದು ಭಾಷಾದಾಗ ತಪ್ಪಾತು’ ಎಂದ. ‘ಸಾಹೇಬ್ರ ಮುಂದ ಅಪನ್ ಅನ್ನಾಕ ನಾಚಿಕಿ ಬಂತು. ಹಮಾರೇ ಅಂದೆ. ಹಂಗ ಅಂದ ಮ್ಯಾಲ...’ ತನ್ನ ಮಾತು ತನಗೇ ಕೇಳಿಸಿತು. ನಾಲ್ಕು ದಿನ ಎದೆಯಲ್ಲಿ ಬೆಟ್ಟದಷ್ಟಿದ್ದದ್ದು ಹೊರಗೆ ಬಂದು ಇಲಿಯಷ್ಟಾಗಿತ್ತು. ಮುದಿಯಪ್ಪ ಕಟ್ಟೆಯ ಮೇಲಿಂದ, ‘ಏನಂತ? ಏನ್ ಹೇಳ್ತಾನಂವ?’ ಎಂದು ಕೇಳಿದ. ಹಸೀಬಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಅವಳು ಏನನ್ನೋ ಹುಡುಕಿದಳು, ಸಿಕ್ಕಲಿಲ್ಲವೋ, ಸಿಕ್ಕಿಯೇ ಬಿಟ್ಟಿತೋ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಸರ್ವೇಯರನಿಗೆ ಇದು ತನಗೆ ಸಂಬಂಧಪಡದ ಮನೆಜಗಳ. ಅಸ್ಲಮನ ಮನೆಯ ಮುಂದೆ ಟೇಪು ಬಿಚ್ಚಿಸಿದ. ಒಂದು ಕಡೆ ಸರಿಯಾಯಿತು. ಇನ್ನೊಂದು ಕಡೆ ದುರುಗವ್ವನ ಮನೆಯಿತ್ತು, ನಡುವೆ ಗೋಡೆ ಒಂದೇ. ಕಟ್ಟಿಸುವಾಗ ಇಟ್ಟಂಗಿ ತುಟ್ಟಿಯಾಗಿ ಎರಡು ಮನೆಗೂ ಒಂದೇ ಗೋಡೆ ಸಾಕೆಂದು ಮುದಿಯಪ್ಪ, ಅಸ್ಲಮ ಇಬ್ಬರೂ ಕೂಡಿಯೇ ಮಣ್ಣು ಕಲಸಿದ್ದರು. ದುರುಗವ್ವನ ಕೆಮ್ಮು ಹಸೀಬಾಗೂ, ಹಸೀಬಾಳ ಬೈಗುಳ ದುರುಗವ್ವನಿಗೂ ಕೇಳಿಸುವ ಗೋಡೆ. ‘ಈ ಗ್ವಾಡಿ ಯಾರದ್ರಿ?’ ಎಂದು ಸರ್ವೇಯರು ಕೇಳಿದ. ‘ಎಲ್ಲಿತನಾ ಹಿಡೀಲಿ ಟೇಪು?’

ಅಸ್ಲಮ ಬಾಯಿ ತೆರೆದ. ದುರುಗವ್ವ, ‘ಅವ್ರದರಿ’ ಎಂದಳು. ‘ಪೂರಾ ಅವ್ರದ ಹಿಡೀರಿ. ನಮ್ಮದು ಹೆಂಗೂ ಲೆಕ್ಕದಾಗಿಲ್ಲ, ಅವ್ರಿಗೆ ಒಂದು ಇಟ್ಟಂಗಿ ಯಾಕ ಕಡಿಮಿ ಆಗಬೇಕು.’

ಆಗ ಅಸ್ಲಮನೊಳಗೆ ಏನೋ ಕಿತ್ತು ಬಂತು. ಟೇಪಿನ ತುದಿಯನ್ನು ಆಳಿನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಬಿಸಾಕಿದ. ‘ಬ್ಯಾಡ್ರಿ ಸರ! ನನ್ನ ಮನಿ ಅಳೀಬ್ಯಾಡ್ರಿ. ಮೂವತ್ತೂ ಬ್ಯಾಡ. ಅಳದ್ರ ಎಪ್ಪತ್ತೂ ಅಳೀರಿ, ಇಲ್ಲಾಂದ್ರ ಹೊಂಟ ಹೋಗ್ರಿ!’ ಧ್ವನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಹೊರಟಿತ್ತು. ಎದೆ ಹಗುರಾಯಿತು. ಓಣಿಯೆಲ್ಲ ಕೇಳಿತು ಎಂಬುದನ್ನೂ ಅವನು ಗಮನಿಸಿದ, ಗಮನಿಸಿದ್ದಕ್ಕೆ ಸಣ್ಣಗೆ ಸುಖವನ್ನೂ ಪಟ್ಟ. ನಾಲ್ಕು ದಿನದ ಕೊಳೆ ಒಂದೇ ಮಾತಿಗೆ ತೊಳೆದುಹೋದಂತೆ ಅನ್ನಿಸಿ ದುರುಗವ್ವನ ಕಡೆ ತಿರುಗಿದ.

‘ಯಾರನ್ನ ಕೇಳಿದಿ?’ ಎಂದಳು ದುರುಗವ್ವ. ಈಗ ಅವಳಿಗೆ ಸಿಟ್ಟು ಬಂದಿತ್ತು. ‘ಅವತ್ತ ಕುಂತು ಒಬ್ಬನ ಎಲ್ಲಾ ಮುಗಿಸಿ ಬಂದಿ. ಇವತ್ತ ನಿಂತು ಒಬ್ಬನ ಎಲ್ಲಾ ಬಿಟ್ಟು ಕೊಡಾಕತ್ತಿ. ಉಳದ ಇಪ್ಪತ್ತೊಂಬತ್ತು ಮನಿ ನಿಮ್ಮಪ್ಪ ಕಟ್ಟಿಸಿದ್ದೇನು? ಆ ಮುದಕಿ ಕಾಸೀಮಬೀನ್ನ ಕೇಳಿದೇನು? ಹಸೀಬಾನ್ನರ ಕೇಳಿದೇನು?’

ಚಪ್ಪಾಳೆಯ ಜಾಗದಲ್ಲಿ ಅಸ್ಲಮನಿಗೆ ಕಪಾಳಕ್ಕೆ ಬಿದ್ದಂತಾಗಿತ್ತು. ದುರುಗವ್ವ ಅವನನ್ನು ಅಲ್ಲಿಗೇ ಬಿಟ್ಟು, ‘ಸರ, ನೀವು ಆ ನೆಳ್ಳಾಗ ಕುಂದ್ರಿ, ಚಾ ಮಾಡಸ್ತೀವಿ. ನಾವು ಕೂತು ಮಾತಾಡಿ ಹೇಳ್ತೀವಿ’ ಎಂದಳು. ಸರ್ವೇಯರು ಗಡಿಯಾರ ನೋಡಿಕೊಂಡು, ಬಿಸಿಲು ನೋಡಿಕೊಂಡು, ನೆರಳಿಗೆ ಹೋದ. ಓಣಿಯವರು ಒಬ್ಬೊಬ್ಬರಾಗಿ ಬಂದು ಗೋಣಿಚೀಲಗಳನ್ನು ಎಳೆದುಕೊಂಡು ಕುಳಿತರು. ಯಾರ ಚೀಲ ಯಾರ ಕೆಳಗೆ ಎಂದು ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತು ಬೈಗುಳವೇ ನಡೆಯಿತು. ಅಮರಮ್ಮ, ಇವರನ್ನು ನಂಬಿ ಕೆಟ್ಟೆವು ಎಂದಳು. ರಫೀ, ಕೈಗೆ ಬಂದದ್ದನ್ನು ಬಿಡು ಅನ್ನಲು ನೀವು ಯಾರು ಎಂದ. ಯಾರೋ ಯಾರದೋ ಜಾತಿಯ ಹೆಸರೆತ್ತಿದರು, ಕೂಡಲೇ ನಾಲಿಗೆ ಕಚ್ಚಿಕೊಂಡರು. ದುರುಗವ್ವ ಎಲ್ಲವನ್ನೂ ಕೇಳಿಸಿಕೊಂಡು, ಬೈದು ಮುಗಿಯಿತೇ ಎಂಬಂತೆ ಸುತ್ತ ನೋಡಿ, ‘ಹಸೀಬಾ, ನೀ ಹೇಳು ಮೊದಲ’ ಎಂದಳು.

ಹಸೀಬಾ ಎಂದೂ ಸಭೆಯಲ್ಲಿ ಬಾಯಿ ತೆರೆದವಳಲ್ಲ. ನೆಲದ ಮೇಲೆ ಬಿದ್ದಿದ್ದ ಸುತಳಿಯ ತುಂಡನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ‘ನನಗ ಮನಿ ಬೇಕಕ್ಕಾ’ ಎಂದಳು. ‘ಸುಳ್ಳ ಯಾಕ ಹೇಳ್ಲಿ. ಕಡಪಾ ಕಲ್ಲು ಹಾಕಸ್ಬೇಕಂತ ಹದಿನೈದು ವರ್ಷದ ಆಸೆ. ನಿಂದು ಬಿಟ್ಟು ನಂದಷ್ಟ ಬೇಕು ಅನ್ನಾಕ ಬಾಯಿ ಬರವಲ್ದು. ಬ್ಯಾಡ ಅನ್ನಾಕೂ ಬರವಲ್ದು.’ ಅಳು ಬಂತು, ನುಂಗಿದಳು. ‘ನೀವೆಲ್ಲಾ ಕೂಡಿ ಏನಂತೀರಿ ಅದಕ್ಕ ನಾನೂ ಹೂಂ ಅಂತೀನಿ. ಆದ್ರ ಸಂತೋಷದಿಂದ ಅಂತೀನಿ ಅಂತ ತಿಳೀಬ್ಯಾಡ್ರಿ.’

‘ಅದು ಖರೇ ಮಾತು’ ಎಂದಳು ದುರುಗವ್ವ. ‘ಹಂಗ ಹೇಳ್ರಿ ಎಲ್ಲಾರೂ.’

ಓಣಿಯ ತಲೆಯ ಮನೆಯಿಂದ ಸುರುವಾಯಿತು. ಒಬ್ಬೊಬ್ಬರನ್ನೂ ದುರುಗವ್ವ ಹೆಸರು ಹಿಡಿದು ಕೇಳಿದಳು. ಕಾಸೀಮಬೀ, ನನ್ನ ಗುರುತು ಅಳಿಸುವುದಾದರೆ ನಾನೇ ಅಳಿಸುತ್ತೇನೆ, ಬೇರೆಯವರು ಮುಟ್ಟಬಾರದು ಎಂದಳು. ರಫೀ, ನಾನು ಒಪ್ಪುವುದಿಲ್ಲ ಎಂದ. ಸುತ್ತು ಅರ್ಧ ಬಂದಾಗ, ಒಬ್ಬನೇ ಬೇರೆ ನಿಂತು ಏನು ಮಾಡಲಿ ಎಂದು ಗೊಣಗಿದ. ಯಾರೂ ಅವನನ್ನು ಒಲಿಸಲು ಹೋಗಲಿಲ್ಲ. ಅಳೆದರೆ ಎಪ್ಪತ್ತೂ ಎಂದು ಮಾತು ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ದುರುಗವ್ವ ಎದ್ದು ಸರ್ವೇಯರನ ಮುಂದೆ ಕೈ ಮುಗಿದು, ‘ಇವತ್ತ ಹೋಗಿ ಬರ್ರಿ ಸರ. ನಾಳೆ ನಾವು ಎಪ್ಪತ್ತು ಮನಿಯವ್ರೂ ಸಾಹೇಬ್ರ ಕಡೆ ಬರ್ತೀವಿ’ ಎಂದಳು. ಅವನು ಟೇಪು ಸುತ್ತಿಕೊಳ್ಳುತ್ತ, ‘ಮತ್ತ ನಾವು ಬರ್ತೀವಿ ಅಂತ ಗ್ಯಾರಂಟಿ ಇಲ್ರಿ ಅಮ್ಮ’ ಎಂದ. ಹೆದರಿಸಲು ಹೇಳಿದ್ದಲ್ಲ, ತಿಳಿದದ್ದನ್ನು ಹೇಳಿದ್ದ. ‘ಗೊತ್ತೈತ್ರಿ’ ಎಂದಳು ಅವಳು. ಜೀಪು ಹೋಯಿತು. ಕಾಸೀಮಬೀ ಒದ್ದೆ ಬಟ್ಟೆ ತಂದು ತನ್ನ ಗೋಡೆ ಒರೆಸುತ್ತಿದ್ದಳು. ಬಣ್ಣ ಹೋಗದೆ ಹರಡುತ್ತಿತ್ತು.

ಜನ ಎದ್ದು ಹೋದರು. ಹೆಂಗಸರು ಮತ್ತೆ ಚೀಲದ ರಾಶಿಗೆ ಬಂದು ದಬ್ಬಣ ಹಿಡಿದರು. ಅಸ್ಲಮ ಆಗಿನಿಂದಲೂ ರಾಶಿಯ ಹಿಂದೆ ನಿಂತಿದ್ದ. ಸುತ್ತು ಬರುವಾಗ ತನ್ನ ಹೆಸರು ಬರುತ್ತದೆಂದು ಕಾದಿದ್ದ. ಏನು ಹೇಳಬೇಕೆಂದು ಈ ಸಲ ಸರಿಯಾಗಿ ಜೋಡಿಸಿಟ್ಟುಕೊಂಡಿದ್ದ, ನಾಚಿಕೆ ಬಿಟ್ಟು, ಒಂದೂ ಮಾತು ಮುಚ್ಚಿಡದೆ. ದುರುಗವ್ವ ಮುದಿಯಪ್ಪನನ್ನು ಕೇಳಿದ್ದಳು, ಅದಾದ ಮೇಲೆ ಇವನನ್ನು ದಾಟಿ ಆಚೆಯ ಮನೆಯವರನ್ನು ಕೇಳಿದ್ದಳು. ಮರೆತಿರಬೇಕು ಎಂದುಕೊಂಡ. ಗಂಟಲು ಸರಿಮಾಡಿಕೊಂಡು, ‘ಅಕ್ಕಾ, ನನ್ನ ಕೇಳಲೇ ಇಲ್ಲಲ್ಲ?’ ಎಂದ.

ದುರುಗವ್ವ ಸುತಳಿಯ ತುದಿಯನ್ನು ಎಂಜಲಿನಿಂದ ಒದ್ದೆ ಮಾಡಿ ದಬ್ಬಣದ ಕಣ್ಣಿಗೆ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

‘ನಿಮ್ಮ ಮನಿದು ಹಸೀಬಾ ಹೇಳಿದ್ಲಲ್ಲಪಾ.’